ಗೇಟಿನಿಂದ ಊರಿಗೆ ಮೂರು ಕಿಲೋಮೀಟರ್

ಸಂಜೆ ಐದೂವರೆಯ ಬಸ್ಸನ್ನು ನಿಲ್ಲಿಸಿದವರು ನಮ್ಮೂರಿನ ಹೆಣ್ಣುಮಕ್ಕಳ ಮೇಲೆ ಒಂದು ಕೆಲಸ ಹೊರಿಸಿದ್ದಾರೆ. ಗುರುತಿಲ್ಲದ ಗಂಡಸಿನ ಮುಖವನ್ನು ಅರ್ಧ ನಿಮಿಷದಲ್ಲಿ ಓದಿ, ಇವನ ಗಾಡಿ ಹತ್ತಬಹುದೋ ಬಾರದೋ ಎಂದು ತೀರ್ಮಾನಿಸುವ ಕೆಲಸ. ಅದಕ್ಕೆ ತರಬೇತಿಯಿಲ್ಲ, ರಜೆಯಿಲ್ಲ, ತಪ್ಪಾದರೆ ತಿದ್ದಿಕೊಳ್ಳುವ ಅವಕಾಶವೂ ಇಲ್ಲ. ಬಸ್ಸು ನಿಲ್ಲಿಸಿದ ಡಿಪೋದ ಅಧಿಕಾರಿಗಳನ್ನೂ ಗೇಟಿನ ಕಂಬಕ್ಕೆ ಒಂದು ಬಲ್ಬು ಹಾಕಿಸದ ಪಂಚಾಯಿತಿಯವರನ್ನೂ ನಾನು ಇಲ್ಲೇ, ಆರಂಭದಲ್ಲೇ, ಹೊಣೆ ಮಾಡುತ್ತಿದ್ದೇನೆ. ಕೊನೆಗೆ ಹೇಳಿದರಾಯಿತು ಎಂದು ಉಳಿಸಿಕೊಂಡರೆ ನನ್ನ ಸ್ವಭಾವಕ್ಕೆ ನಡುವೆ ಎಲ್ಲೋ ತೆಂಗಿನ ತೋಟದೊಳಗೆ ನುಗ್ಗಿ, ಬಂದ ಕೆಲಸವನ್ನೇ ಮರೆಯುತ್ತೇನೆ.

ಗೇಟು ಎಂದೆನಲ್ಲ, ಅಲ್ಲಿ ಯಾವ ಗೇಟೂ ಇಲ್ಲ. ತುರುವೇಕೆರೆಯಿಂದ ದಬ್ಬೇಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ಊರಿನ ದಾರಿ ಒಡೆಯುವ ಜಾಗವನ್ನು ನಮ್ಮ ಕಡೆ ಹಾಗೆ ಕರೆಯುವುದು ರೂಢಿ. ಒಂದು ಹುಣಸೆಮರ, ಹಾಲಿನ ಕ್ಯಾನು ಇಡುವ ಒಂದು ಕಲ್ಲುಹಾಸು, ಬೆಳಗದ ಒಂದು ಕಂಬ, ಇಷ್ಟೇ ಅಲ್ಲಿನ ಆಸ್ತಿ. ಅಲ್ಲಿಂದ ಊರಿಗೆ ಮೂರು ಕಿಲೋಮೀಟರ್. ಎರಡೂ ಕಡೆ ತೋಟ, ನಡುವೆ ಒಂದು ಕೆರೆ ಏರಿ. ಐದೂವರೆಯ ಬಸ್ಸು ಊರೊಳಗೇ ಬರುತ್ತಿತ್ತು. ಈಗ ದೊಡ್ಡ ರಸ್ತೆಯ ಬಸ್ಸು ಆರೂಕಾಲಕ್ಕೆ ನಮ್ಮನ್ನು ಗೇಟಿನಲ್ಲಿ ಇಳಿಸಿ ಮುಂದಕ್ಕೆ ಹೋಗುತ್ತದೆ. ಉಳಿದದ್ದು ನಮ್ಮ ಕಾಲು, ಇಲ್ಲವೇ ಆ ಹೊತ್ತಿಗೆ ಆ ದಾರಿಯಲ್ಲಿ ಬರುವ ಯಾರದೋ ದಯೆ.

ಮೊನ್ನೆ ನನ್ನ ಫೋನು ಇನ್ನು ಜಾಗವಿಲ್ಲವೆಂದು ಹಟ ಹಿಡಿಯಿತು. ಬೇಡದ ಫೋಟೋ ಅಳಿಸಲು ಕೂತೆ. ಬೇರೆಯವರ ಫೋನಿನಲ್ಲಿ ಹೂವು, ಬೆಕ್ಕು, ಊಟದ ತಟ್ಟೆ ಇರುತ್ತವೆ. ನನ್ನದರಲ್ಲಿ ಸಾಲುಸಾಲಾಗಿ ನಂಬರ್ ಪ್ಲೇಟುಗಳು. ಕೆಸರು ಮೆತ್ತಿದವು, ಬಣ್ಣ ಎದ್ದವು, ಮಗಳ ಹೆಸರು ದೊಡ್ಡದಾಗಿ ಬರೆಸಿ ನಂಬರನ್ನು ಮೂಲೆಗೆ ತಳ್ಳಿದವು. ಯಾರಾದರೂ ನೋಡಿದ್ದರೆ ಇವಳ ಕಸುಬೇ ಗಾಡಿ ಕದಿಯುವುದು ಎಂದುಕೊಳ್ಳುತ್ತಿದ್ದರು. ಇದೆಲ್ಲ ಅಮ್ಮನ ಕಾನೂನು. ನಾನು ತಿಪಟೂರಿನ ಕಾಲೇಜೊಂದಕ್ಕೆ ಪಾಠ ಮಾಡಲು ಹೋಗಿಬರತೊಡಗಿದ ದಿನವೇ ಅದು ಜಾರಿಗೆ ಬಂತು.

“ಹತ್ತೋಕ್ ಮುಂಚೆ ನಂಬರ್ ಹೊಡ್ದು ಕಳುಸು. ಇಳ್ದ್ ಮ್ಯಾಲೆ ಇಳ್ದೆ ಅಂತ ಹಾಕು,” ಎಂದಳು ಅಮ್ಮ.

“ಅವ್ರ ಎದ್ರುಗೇ ಹೊಡುದ್ರೆ ಏನನ್ಕಂತಾರಮ್ಮ?”

“ಒಳ್ಳೇವ್ನಾದ್ರೆ ಏನೂ ಅನ್ಕಳಲ್ಲ. ಅನ್ಕಂಡ್ನಾ, ಹತ್ಬ್ಯಾಡ.”

ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಮಾಜಶಾಸ್ತ್ರ ಓದಿ, ಗ್ರಾಮೀಣ ಸಮುದಾಯಗಳಲ್ಲಿನ ಪರಸ್ಪರ ನಂಬಿಕೆಯ ಬಗ್ಗೆಯೇ ದಪ್ಪನೆಯ ಪ್ರಬಂಧ ಬರೆದು ಬಂದವಳು. ಅಡಿಟಿಪ್ಪಣಿಗಳೇ ಹನ್ನೊಂದು ಪುಟ. ಅಮ್ಮನ ಈ ಮಾತಿನಷ್ಟು ಬಿಗಿಯಾದ ವಾಕ್ಯ ಅದರಲ್ಲಿ ಒಂದೂ ಇಲ್ಲ.

ಆದರೂ ಈ ಕಾನೂನು ಪಾಲಿಸುವುದು ಸಂಕೋಚದ ಕೆಲಸ. ಒಂದು ಸಂಜೆ ಹೆಲ್ಮೆಟ್ಟು ಹಾಕಿದ್ದ ಒಬ್ಬರು ಸ್ಕೂಟರು ನಿಲ್ಲಿಸಿ ‘ಬಾ’ ಎಂದು ಕೈಯಾಡಿಸಿದರು. ಮತ್ತೊಂದು ಮಾತಿಲ್ಲ, ಹೆಸರು ಹೇಳುವುದಿಲ್ಲ, ಏಕವಚನ ಬೇರೆ. ನನ್ನೊಳಗಿನ ಸ್ನಾತಕೋತ್ತರ ಪದವೀಧರೆ ಎದ್ದು ನಿಂತಳು. ನಾನು ಸರಸರನೆ ಗಾಡಿಯ ಹಿಂದಕ್ಕೆ ಹೋಗಿ ಫೋಟೋ ಹೊಡೆದೆ. ಅವರು ನಿಧಾನವಾಗಿ ಹೆಲ್ಮೆಟ್ಟು ತೆಗೆದರು. ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ವರ್ಷ ನನಗೆ ಪಾಠ ಹೇಳಿದ್ದ, ಈಗ ನಿವೃತ್ತರಾಗಿರುವ ಮೇಷ್ಟ್ರು.

“ನಿಂಗ್ ಮಗ್ಗಿ ಕಲ್ಸಿದೋನು ಕಣಮ್ಮ ನಾನು,” ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವರು ಮಾತ್ರ ಫೋನನ್ನು ಈಸಿಕೊಂಡು, ಕನ್ನಡಕ ಮೇಲೇರಿಸಿ, ಫೋಟೋವನ್ನು ನನ್ನ ಹಳೆಯ ಕಾಪಿ ಪುಸ್ತಕದಂತೆ ಪರಿಶೀಲಿಸಿದರು.

“ಕೊನೇ ಅಂಕಿ ಬಿದ್ದಿಲ್ಲ. ಇನ್ನೊಂದು ಹೊಡಿ. ಮಾಡೋ ಕೆಲ್ಸ ಸರಿಯಾಗ್ ಮಾಡು.”

ಇನ್ನೊಂದು ಹೊಡೆದೆ. ಅವರು ನೋಡಿ ತಲೆಯಾಡಿಸಿದ ಮೇಲೆಯೇ ಸ್ಕೂಟರು ಹೊರಟಿತು. ಊರು ಬರುವವರೆಗೂ ಹೆಲ್ಮೆಟ್ಟಿನೊಳಗೆ ಅವರು ನಗುತ್ತಿದ್ದುದು ಬೆನ್ನಿನ ಕುಲುಕಾಟದಿಂದ ಗೊತ್ತಾಗುತ್ತಿತ್ತು.

ನಮ್ಮ ಅಜ್ಜಿಯ ಕಾಲಕ್ಕೆ ನಂಬರ್ ಪ್ಲೇಟು ಬೇಕಿರಲಿಲ್ಲ. ನನಗೆ ಏಳೆಂಟು ವರ್ಷವಿದ್ದಾಗ, ದಾರಿಯಲ್ಲಿ ಹೋಗುವ ಹೊಸಬರನ್ನು ಅವಳು ಜಗಲಿಯಿಂದಲೇ ಹಿಡಿದು ನಿಲ್ಲಿಸುತ್ತಿದ್ದಳು. ಯಾವೂರಪ್ಪ? ಚಿಕ್ಕನಾಯಕನಹಳ್ಳಿ ಕಡೆ. ಅಲ್ಲಿ ಯಾರ ಮನೆ? ಇಂಥವರ ಮನೆ. ತೋಟ ಕೆರೆ ಹಿಂದಲದೋ ಮುಂದಲದೋ? ಹಿಂದಲದು. ಹಂಗಾದ್ರೆ ನಿಮ್ಮತ್ತೇನ ನಮ್ ದೊಡ್ಡೇರಿ ಕಡೆಗೆ ಕೊಟ್ಟಿದ್ರಲ್ವಾ? ಅಷ್ಟರಲ್ಲಿ ಆತನಿಗೂ ಬೆವರು. ಐದನೆಯ ಪ್ರಶ್ನೆಯ ಹೊತ್ತಿಗೆ ಒಂದು ನೆಂಟಸ್ತಿಕೆ ಹುಟ್ಟುತ್ತಿತ್ತು, ಆರನೆಯದಕ್ಕೆ ತಟ್ಟೆ ಹಾಕುತ್ತಿದ್ದಳು. ಒಬ್ಬಾತ ಮಾತ್ರ ಎಷ್ಟು ಜಾಲಾಡಿದರೂ ಯಾರಿಗೂ ನೆಂಟನಾಗಲಿಲ್ಲ. ಅಜ್ಜಿ ಬೇಸರಪಟ್ಟು, “ಹೋಗ್ಲಿ ಬುಡು, ಹೊಟ್ಟೆ ಹಸ್ದಿರೋದಂತೂ ದಿಟ ತಾನೆ,” ಎಂದು ಅವನಿಗೂ ಇಕ್ಕಿದಳು. ಆದರೆ ಜಗಲಿಯಲ್ಲೇ, ಒಳಗೆ ಕರೆಯಲಿಲ್ಲ. ನಂಬಿಕೆಗೆ ಹೊಸಿಲಿನ ಹೊರಗೊಂದು, ಒಳಗೊಂದು ಅಳತೆ ಇತ್ತು. ಆ ಅಳತೆಗೆ ಯಾರೂ ಬೇಸರಿಸುತ್ತಿರಲಿಲ್ಲ.

ತೋಟದಲ್ಲಿ ತಾತನದು ಬೇರೆಯೇ ಲೆಕ್ಕ. ಬಾಯಾರಿದವರು ಯಾರಾದರೂ ನಮ್ಮ ಗಿಡ್ಡ ಮರಗಳಿಂದ ಒಂದು ಎಳನೀರು ಕಿತ್ತು ಕುಡಿಯಬಹುದು, ಕೇಳುವುದೂ ಬೇಡ. ಆದರೆ ಕುಡಿದ ಬುರುಡೆಯನ್ನು ಅದೇ ಮರದ ಬುಡದಲ್ಲಿ ಇಟ್ಟು ಹೋಗಬೇಕು. ಬುಡದಲ್ಲಿ ಬುರುಡೆ ಇದ್ದರೆ ಬಾಯಾರಿಕೆ, ಇಲ್ಲದಿದ್ದರೆ ಕಳ್ಳತನ. ತಾತ ಬೆಳಿಗ್ಗೆ ತೋಟ ಸುತ್ತುವಾಗ ಕಾಣದ ಮನುಷ್ಯರೊಡನೆ ಹೀಗೆ ಮಾತಾಡಿಕೊಂಡೇ ಬರುತ್ತಿದ್ದ. ‘ಇವತ್ತು ಇಬ್ರು ಬಂದಿದ್ರು, ಇಬ್ರೂ ಮರ್ಯಾದಸ್ಥರು’ ಎಂದು ಅಜ್ಜಿಗೆ ವರದಿ ಒಪ್ಪಿಸುತ್ತಿದ್ದ.

ಇನ್ನು ಮಚ್ಚಿನ ವಿಷಯ. ಹಾಸ್ಟೆಲ್ಲಿನಲ್ಲಿದ್ದಾಗ ನಾನು ಒಮ್ಮೆ, ನಮ್ಮ ಕಡೆ ಮಚ್ಚು ಇಟ್ಟುಕೊಂಡವನ ಗಾಡಿ ಸಿಕ್ಕರೆ ಧೈರ್ಯವಾಗಿ ಹತ್ತಬಹುದು ಎಂದು ಹೇಳಿದ್ದೆ. ಗೆಳತಿಯರು ನನ್ನನ್ನು ನೋಡಿದ ರೀತಿಯಲ್ಲಿ ಮರುಕ ತುಂಬಿತ್ತು. ಅವರಿಗೆ ಹೇಗೆ ವಿವರಿಸುವುದು? ನಮ್ಮಲ್ಲಿ ಮಚ್ಚು ಇರುವವನು ಕಾಯಿ ಕೆಡವುವವನು. ಬೆಳಗಿನಿಂದ ಮರ ಹತ್ತಿ ಇಳಿದು ಸುಸ್ತಾದವನು, ಹತ್ತು ತೋಟದವರಿಗೆ ಮುಖಪರಿಚಯ ಇರುವವನು, ನಾಳೆ ಮತ್ತೆ ಕೆಲಸಕ್ಕೆ ಕರೆಯಬೇಕಾದರೆ ಹೆಸರು ಕೆಡಿಸಿಕೊಳ್ಳಲಾಗದವನು. ಮಚ್ಚು ಅವನ ಗುರುತಿನ ಚೀಟಿ. ಬರಿಗೈಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೆಲಸವಿಲ್ಲದೆ ಗೇಟಿನಲ್ಲಿ ಗಾಡಿ ನಿಲ್ಲಿಸುವವನ ಬಗ್ಗೆ ನಮಗೆ ಯೋಚನೆ.

ಹೀಗೆ ಪ್ಲೇಟುಗಳನ್ನು ಒಂದೊಂದಾಗಿ ನೋಡುತ್ತ, ನಗುತ್ತ, ಅಳಿಸುತ್ತ ಕೂತಿದ್ದಾಗಲೇ ಚಿಕ್ಕಪ್ಪನ ಮಗಳು ಸಿಂಚನಾ ಒಳಗೆ ಬಂದು ನನ್ನ ಪಕ್ಕ ಕೂತಳು. ತುರುವೇಕೆರೆಯಲ್ಲಿ ದ್ವಿತೀಯ ಪಿಯುಸಿ ಓದುವ ಹದಿನೇಳರ ಹುಡುಗಿ. ಕಾಲೇಜಿಗೆ ಹೋಗದೆ ಅವಳಿಗೆ ಅಂದಿಗೆ ಒಂಬತ್ತು ದಿನ. ನನ್ನ ನಗು ಅಲ್ಲಿಗೆ ನಿಂತಿತು.

ಆದದ್ದನ್ನು ಅವಳು ನನಗೆ ಹೇಳಿದಂತೆಯೇ ಬರೆಯುತ್ತೇನೆ. ಆ ಸಂಜೆ ಪ್ರಯೋಗಾಲಯದ ತರಗತಿ ಮುಗಿಸಿ ಆರೂಕಾಲಕ್ಕೆ ಗೇಟಿನಲ್ಲಿ ಇಳಿದವಳು ಅವಳೊಬ್ಬಳೇ. ಬಿಳಿ ಅಂಗಿಯವನೊಬ್ಬ ಬೈಕು ನಿಲ್ಲಿಸಿದ. ಅವಳ ಅಪ್ಪನ ಹೆಸರು ಹೇಳಿದ, ಮನೆಯ ಗುರುತು ಹೇಳಿದ, ಅಜ್ಜಿಯ ಐದು ಪ್ರಶ್ನೆಗೂ ಉತ್ತರ ಇಟ್ಟುಕೊಂಡೇ ಬಂದವನಂತಿದ್ದ. ಸಿಂಚನಾ ಫೋನು ತೆಗೆದು ಬೈಕಿನ ಹಿಂದಕ್ಕೆ ಹೋದಳು. ಅವನು ಬೈಕನ್ನು ತಿರುಗಿಸಿಕೊಂಡ.

“ಯಾಕೆ, ನಂಬ್ಕೆ ಇಲ್ವಾ?”

ಅವಳು ಮತ್ತೆ ಹಿಂದಕ್ಕೆ ಹೋದಳು. ಅವನು ಮತ್ತೆ ತಿರುಗಿಸಿದ. ಹೀಗೆ ಎರಡು ಸಲ ಆದ ಮೇಲೆ ಅವಳು, “ನಾನು ಬರಲ್ಲ, ಅಪ್ಪ ಬತ್ತಾರೆ,” ಎಂದು ಹುಣಸೆಮರಕ್ಕೆ ಬೆನ್ನು ಕೊಟ್ಟು ನಿಂತಳು. ಅವನು ಹೋಗಲಿಲ್ಲ. ಬೈಕು ಆರಿಸದೆ ಅಲ್ಲೇ ಇದ್ದ. ಬೆಳಕು ಇಳಿಯುತ್ತಿತ್ತು.

ಆಗ ಮೊಪೆಡ್ಡಿನಲ್ಲಿ ಒಬ್ಬ ಕಾಯಿ ಕೆಡವುವವನು ಬಂದ. ಹಂದನಕೆರೆ ಕಡೆಯವನು, ಹೆಸರು ರಂಗಪ್ಪ ಎಂದು ಆಮೇಲೆ ತಿಳಿಯಿತು. ಐವತ್ತು ದಾಟಿದ ಮನುಷ್ಯ. ಗಾಡಿ ನಿಧಾನಿಸಿ, “ಯಾಕವ್ವ ನಿಂತಿದ್ದೀಯಾ?” ಎಂದ.

ಬಿಳಿ ಅಂಗಿಯವನೇ ಮುಂದಾಗಿ ಹೇಳಿದ: “ನಮ್ಮೋರ್ ಹುಡ್ಗಿ. ನಾನು ಬುಡ್ತೀನಿ, ನೀನ್ ನಡಿಯಪ್ಪ.”

ರಂಗಪ್ಪ ಅವನನ್ನು ನೋಡಲಿಲ್ಲ. ಹುಡುಗಿಯ ಮುಖ ನೋಡಿದ. ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ, ಕ್ಯಾನು ಇಡುವ ಕಲ್ಲಿನ ಮೇಲೆ ಹೋಗಿ ಕೂತು, ಜೇಬಿನಿಂದ ಬೀಡಿ ತೆಗೆದ.

“ನಂಗೇನ್ ಅರ್ಜೆಂಟ್ ಇಲ್ಲ ಕಣಪ್ಪ. ಅವ್ರಪ್ಪ ಬರೋಗಂಟ ಒಂದ್ ಬೀಡಿ ಸೇದ್ತೀನಿ.”

ಬೀಡಿ ಅರ್ಧವಾಗುವಷ್ಟರಲ್ಲಿ ಬಿಳಿ ಅಂಗಿಯವನು ಹೊರಟುಹೋದ. ಸದ್ದು ಪೂರ್ತಿ ಅಡಗಿದ ಮೇಲೆ ರಂಗಪ್ಪ ಕೇಳಿದ.

“ಅಪ್ಪ ಬತ್ತಾರೆ ಅಂದಿದ್ದು ದಿಟವೇನವ್ವ?”

“ಇಲ್ಲ. ಅಪ್ಪ ಡೈರಿಗೆ ಹಾಲಾಕೋ ಹೊತ್ತು.”

“ಸರಿ. ನನ್ ಗಾಡಿ ಹತ್ತು ಅಂತ ನಾನ್ ಹೇಳಲ್ಲ. ನಾನೂ ನಿಂಗ್ ಗೊತ್ತಿಲ್ದೋನೇ. ನೀನ್ ನಡ್ಕಂಡ್ ಹೋಗು, ನಾನು ಹಿಂದೆ ದೂರದಲ್ಲಿ ಬತ್ತೀನಿ. ಇಲ್ಲ, ಹತ್ತೋದಾದ್ರೆ ಮೊದ್ಲು ನಂಬರ್ ಹೊಡ್ಕೊ.”

ಅವಳು ಹೊಡೆದುಕೊಂಡಳು. ಹತ್ತುವುದಾಗಿ ಹೇಳಿದಳು. ಆಗ ರಂಗಪ್ಪ ಸೀಟಿನ ಪಕ್ಕ ರಬ್ಬರಿನಲ್ಲಿ ಬಿಗಿದಿದ್ದ ಮಚ್ಚನ್ನು ಬಿಚ್ಚಿ, ಹಿಡಿಯನ್ನು ಅವಳ ಕಡೆ ಮಾಡಿ ನೀಡಿದ.

“ಇದ ಹಿಡ್ಕಂಡ್ ಹಿಂದೆ ಕೂತ್ಕ. ನಾನು ಮುಂದ್ ನೋಡ್ಕಂಡ್ ಓಡುಸ್ತೀನಿ. ಹಳ್ಳ ದಿಣ್ಣೆ ಬಂದಾಗ ಮಾತ್ರ ವಸಿ ಸೈಡಿಗ್ ಮಡಗವ್ವ. ನನ್ ಬೆನ್ನು ಐತೆ ಅಲ್ಲಿ.”

ಈ ಭಾಗವನ್ನು ನಾನು ಅವಳಿಂದ ಮೂರು ಸಲ ಹೇಳಿಸಿಕೊಂಡಿದ್ದೇನೆ. ನನ್ನ ದಪ್ಪನೆಯ ಪ್ರಬಂಧದಲ್ಲಿ ನಂಬಿಕೆಯೆಂದರೆ ದುರ್ಬಲರು ಬಲಿಷ್ಠರನ್ನು ನಂಬುವುದು ಎಂಬಂತೆ ಬರೆದಿದ್ದೆ. ಇಲ್ಲಿ ಒಬ್ಬ ಮನುಷ್ಯ ತನ್ನ ಹೊಟ್ಟೆಪಾಡಿನ ಮಚ್ಚನ್ನು, ಹೆಸರೂ ಗೊತ್ತಿಲ್ಲದ ಹುಡುಗಿಯ ಕೈಗೆ ಕೊಟ್ಟು, ಅವಳಿಗೆ ಬೆನ್ನು ತಿರುಗಿಸಿ ಕೂತ. ಮೂರು ಕಿಲೋಮೀಟರ್, ಕೆರೆ ಏರಿಯ ಗುಂಡಿಗಳೂ ಸೇರಿ.

ಊರು ಕಂಡದ್ದು ಮಾತ್ರ ಬೇರೆ. ಸಮವಸ್ತ್ರದ ಹುಡುಗಿ, ತೊಡೆಯ ಮೇಲೆ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕ, ಕೈಯಲ್ಲಿ ನೆಟ್ಟಗೆ ಹಿಡಿದ ಮಚ್ಚು, ಮುಂದೆ ಯಾರೋ ಗೊತ್ತಿಲ್ಲದವನು. ನಲ್ಲಿಯ ಹತ್ತಿರವಿದ್ದ ಹೆಂಗಸರು ಕೊಡ ತುಂಬಿ ಹರಿದರೂ ನೋಡಲಿಲ್ಲ. ಖಾಲಿ ಕ್ಯಾನು ಹಿಡಿದು ಡೈರಿಯಿಂದ ಬರುತ್ತಿದ್ದ ಚಿಕ್ಕಪ್ಪ ಅಲ್ಲೇ ನಿಂತರು. ರಂಗಪ್ಪನನ್ನು ಮನೆಗೆ ಕರೆದು ಮಜ್ಜಿಗೆ ಕೊಟ್ಟು, ನಡೆದದ್ದನ್ನು ಕೇಳಿ, ಕೈಮುಗಿದರು. ಹೊರಡುವಾಗ ಆತ, “ಈ ಕಡೆ ನಮ್ ಕೆಲ್ಸ ಈ ವಾರಕ್ ಮುಗೀತದೆ ಕಣಣ್ಣ. ಆಮ್ಯಾಕೆ ನಾನು ಬರಾದಿಲ್ಲ,” ಎಂದ. ಎಚ್ಚರಿಕೆಯ ಮಾತಾಗಿಯೇ ಹೇಳಿದ.

ಮರುದಿನದಿಂದ ಕಾಲೇಜು ಬೇಡ ಎಂದರು ಚಿಕ್ಕಪ್ಪ. ನಾನು ವಾದಕ್ಕೆ ಹೋದೆ. ವಾದ ನನ್ನ ಹಳೆಯ ಚಟ.

“ಜನ ಒಳ್ಳೇವ್ರೇ ಅವ್ರೆ ಚಿಕ್ಕಪ್ಪ. ಆ ರಂಗಪ್ಪನ್ನೇ ನೋಡಿ.”

“ಒಳ್ಳೇವ್ರೇ ಕಣವ್ವ, ಯಾರು ಇಲ್ಲ ಅಂದ್ರು? ಆ ಬಿಳಿ ಅಂಗಿಯೋನೂ ಅವ್ರಮ್ಮಂಗೆ ಒಳ್ಳೇವ್ನೇ. ಇವತ್ತು ಒಬ್ಬ ಮಚ್ಚು ಕೊಟ್ಟ. ನಾಳಿಕ್ ಯಾರ್ ಕೊಡ್ತಾರೆ?”

“ನೀವೇ ಗೇಟಿಗ್ ಹೋಗಿ ಕರ್ಕೊಂಬನ್ನಿ ಮತ್ತೆ.”

“ಹೋಗ್ತಿದ್ನಲ್ಲ, ಆದಾಗೆಲ್ಲ. ಡೈರಿಯೋರು ಆರೂವರೆಗೆ ಬಾಗ್ಲು ಹಾಕ್ತಾರೆ. ಹಸ ನಾನ್ ಹೇಳ್ದಂಗೆ ಕೇಳ್ತದಾ, ಹೇಳು? ಆ ಐದೂವರೆ ಬಸ್ ಬರ್ಲಿ. ಬಂದ್ ದಿನಾನೇ ಕಳುಸ್ತೀನಿ. ನಾನೇನ್ ಮಗಳ ಓದಿಗೆ ಶತ್ರುನಾ?”

ಶತ್ರುವಲ್ಲ. ನನ್ನ ಕಷ್ಟವೂ ಅದೇ. ಅವರು ಶತ್ರುವಾಗಿದ್ದರೆ ನನಗೆ ನಾಲ್ಕು ಪುಟ ಬೈದು ಬರೆದು ಅಭ್ಯಾಸವಿದೆ. ಅವರು ಹುಡುಗಿಯ ಓದನ್ನು ದಿನದಿನದ ಅದೃಷ್ಟದ ಮೇಲೆ ನಿಲ್ಲಿಸಲಾರೆ ಎನ್ನುವ ತಂದೆ.

ಮೊನ್ನೆ, ಫೋನು ಬದಿಗಿಟ್ಟ ನನ್ನ ಪಕ್ಕದಲ್ಲಿ ಕೂತು ಸಿಂಚನಾ ಕೇಳಿದ್ದು ಇಷ್ಟು: “ಅಕ್ಕ, ಬಿಳಿ ಶರ್ಟ್‌ನೋನ್ ಗಾಡಿ ಹತ್ಲಿಲ್ಲ, ಸರಿ ತಾನೆ? ರಂಗಪ್ಪನ ಗಾಡಿ ಹತ್ತಿದೆ, ಅದೂ ಸರಿ ತಾನೆ? ಎರಡೂ ಸರಿಯಾಗ್ ಮಾಡಿ ಮನೇಲ್ ಕೂತಿರೋಳು ನಾನು. ಇದ್ಯಾವ ನ್ಯಾಯ?”

ಪ್ರಯೋಗ ಪರೀಕ್ಷೆ ಹತ್ತಿರ ಬರುತ್ತಿದೆ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲವೆಂದು ಕಾಲೇಜಿನವರು ಹೇಳಿದ್ದಾರೆ. ಅವಳು ಮನೆಯಲ್ಲೇ ಹೂವಿನ ಚಿತ್ರ ಬರೆದು ಭಾಗಗಳಿಗೆ ಹೆಸರು ಹಾಕುತ್ತಿದ್ದಾಳೆ. ಅವುಗಳಿಗೆ ಸಹಿ ಮಾಡುವವರು ಇಲ್ಲ.

ಮಾರನೆಯ ದಿನ ನಾನು ಡಿಪೋಗೆ ಹೋದೆ. ಮೇಜಿನ ಹಿಂದಿದ್ದವರು ಸೌಜನ್ಯವಾಗಿಯೇ ಮಾತಾಡಿದರು.

“ಜನ ಇಲ್ಲ ಮೇಡಂ ಆ ರೂಟಲ್ಲಿ. ಖಾಲಿ ಬಸ್ ಓಡ್ಸಕ್ ಆಗಲ್ಲ.”

“ನಮ್ಮೂರಿಂದಲೇ ಎಂಟು ಜನ ಹುಡುಗಿಯರಿದ್ದಾರೆ ಸಾರ್.”

“ಎಲ್ಲಾ ಪಾಸ್‌ನೋರು ಅಲ್ವಾ.”

“ಪಾಸ್‌ನೋರು ಜನ ಅಲ್ವಾ ಸಾರ್?”

“ನಾನ್ ಹಂಗ್ ಅನ್ಲಿಲ್ಲ. ಒಂದ್ ಸ್ಕೂಟಿ ಕೊಡ್ಸಿ ಮೇಡಂ, ಈಗೆಲ್ಲ ಹುಡ್ಗೀರು ಓಡುಸ್ತಾರೆ.”

“ಹದಿನೇಳು ವರ್ಷ ಸಾರ್. ಲೈಸೆನ್ಸ್ ಕೊಡಲ್ಲ ಅನ್ನೋರೂ ಸರ್ಕಾರದೋರೇ.”

ಅವರು ನಿಜವಾಗಿಯೂ ನನ್ನನ್ನು ಸಮಾಧಾನಪಡಿಸುವ ದನಿಯಲ್ಲಿ ಹೇಳಿದರು: “ನಿಮ್ ಕಡೆ ಜನ ಒಳ್ಳೇವ್ರು ಬುಡಿ ಮೇಡಂ. ಯಾರಾದ್ರೂ ಹತ್ತುಸ್ಕಂತಾರೆ.”

ಅಲ್ಲಿಂದ ಪಂಚಾಯಿತಿಗೆ ಬಂದು ಗೇಟಿನ ದೀಪ ಕೇಳಿದೆ. ಅಲ್ಲಿದ್ದವರು, “ಹಾಕಿದ್ ಬಲ್ಬೆಲ್ಲ ಒಡ್ದಾಕ್ತಾರೆ ಕಣ್ರೀ. ನಮ್ ಜನ ಸರಿಯಿಲ್ಲ,” ಎಂದರು.

ಡಿಪೋದ ಪ್ರಕಾರ ನಮ್ಮ ಜನ ಒಳ್ಳೆಯವರು, ಆದ್ದರಿಂದ ಬಸ್ಸು ಬೇಡ. ಪಂಚಾಯಿತಿಯ ಪ್ರಕಾರ ನಮ್ಮ ಜನ ಕೆಟ್ಟವರು, ಆದ್ದರಿಂದ ದೀಪ ಬೇಡ. ಒಂದೇ ದಿನ, ಒಂದೇ ಊರಿನ ಬಗ್ಗೆ ಎರಡು ಕಚೇರಿಗಳ ಅಭಿಪ್ರಾಯವಿದು. ಎರಡರ ಫಲವೂ ಒಂದೇ ಹುಡುಗಿಯ ಪಾಲಿಗೆ ಬಂತು.

ನಮ್ಮ ಜನ ಒಳ್ಳೆಯವರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ರಂಗಪ್ಪನಂಥವರು ಇರುವುದರಿಂದಲೇ ಈ ದಾರಿಯಲ್ಲಿ ನಾವು ಇಷ್ಟು ವರ್ಷ ಓಡಾಡಿದ್ದೇವೆ. ಆದರೆ ಆತನ ಒಳ್ಳೆಯತನ ಆತನ ಸ್ವಂತದ್ದು. ಅದನ್ನು ಸರ್ಕಾರಿ ವೇಳಾಪಟ್ಟಿಯ ಖಾಲಿ ಜಾಗಕ್ಕೆ ತುಂಬಿಕೊಳ್ಳುವ ಹಕ್ಕು ಯಾವ ಕಚೇರಿಗೂ ಇಲ್ಲ. ಹಸಿದು ಬಂದವನಿಗೆ ಮನೆಯೊಂದು ಅನ್ನ ಇಕ್ಕಿತೆಂದು ಊರಿನ ನ್ಯಾಯಬೆಲೆ ಅಂಗಡಿ ಮುಚ್ಚುತ್ತಾರೆಯೇ? ಬಸ್ಸು ಇದ್ದು, ದೀಪ ಇದ್ದು, ಅದರ ಮೇಲೆ ಒಬ್ಬರನ್ನೊಬ್ಬರು ನಂಬುವುದು ಬದುಕಿನ ಸುಖ. ಅವೆರಡೂ ಇಲ್ಲದೆ ನಂಬಲೇಬೇಕಾಗಿ ಬರುವುದು ಬಲವಂತ.

ಆದ್ದರಿಂದ ಸಂಬಂಧಪಟ್ಟ ಡಿಪೋದ ವ್ಯವಸ್ಥಾಪಕರಲ್ಲಿ ಮತ್ತು ನಮ್ಮ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಐದೂವರೆಯ ಬಸ್ಸನ್ನು ಯಾರ ಆದೇಶದ ಮೇಲೆ, ಯಾರನ್ನು ಕೇಳಿ ನಿಲ್ಲಿಸಲಾಯಿತೆಂದು ತಿಳಿಸಿ, ಪ್ರಯೋಗ ಪರೀಕ್ಷೆ ಆರಂಭವಾಗುವ ಮೊದಲೇ ಅದನ್ನು ಊರಿನವರೆಗೆ ಮತ್ತೆ ಓಡಿಸಬೇಕು. ಗೇಟಿನ ಕಂಬಕ್ಕೆ ದೀಪ ಹಾಕಿಸಬೇಕು. ಅದು ಒಡೆದರೆ ಇನ್ನೊಂದು ಹಾಕಿಸಬೇಕು. ಎರಡೂ ಆಗದೆಂದಾದರೆ, ಏಕೆ ಆಗದು ಎಂಬುದನ್ನು ಕಾರಣಸಹಿತ ಬರೆದುಕೊಡಬೇಕು.

ಉತ್ತರವನ್ನು ಸಹಿ, ಮೊಹರಿನೊಂದಿಗೆ ‘ಕುಮಾರಿ ಸಿಂಚನಾ, ದ್ವಿತೀಯ ಪಿಯುಸಿ ವಿದ್ಯಾರ್ಥಿನಿ’ ಎಂಬ ವಿಳಾಸಕ್ಕೇ ಕಳುಹಿಸಬೇಕೆಂದು ಕೋರುತ್ತೇನೆ. ಆ ವಿಳಾಸದ ‘ವಿದ್ಯಾರ್ಥಿನಿ’ ಎಂಬ ಮಾತು ಸುಳ್ಳಾಗುವ ಮುನ್ನ.